ನೌಕರಿ ಬಿಟ್ಟರೂ ತಪ್ಪದ ಕಂಪನಿಯ ಕಣ್ಣು

ಬೀದರ್: ನಗರದ ಚಿದ್ರಿಯಂಥ ಬಡಾವಣೆಗಳಿಂದ ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದವರಲ್ಲಿ ಡಿಮ್ಯಾಟ್ ಖಾತೆಗೆ ಕಚೇರಿಯ ಇ-ಮೇಲ್ ವಿಳಾಸ ಕೊಟ್ಟವರು ನೌಕರಿ ಬಿಡುವಾಗ ಎಚ್ಚರ ವಹಿಸಬೇಕಿದೆ. ಆ ವಿಳಾಸ ಚಾಲ್ತಿಯಲ್ಲಿದ್ದರೆ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಕಳುಹಿಸುವ ಖಾತಾ ವಿವರ ಅಲ್ಲಿಗೇ ತಲುಪುತ್ತದೆ. ಅದನ್ನು ತೆರೆಯುವ ಪಾಸ್‌ವರ್ಡ್ ಪ್ಯಾನ್ ಸಂಖ್ಯೆ; ಸಂಬಳ ಕೊಟ್ಟ ಕಂಪನಿಯ ಬಳಿ ಅದು ಇದ್ದೇ ಇರುತ್ತದೆ.

ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ತಡೆ ನಿಯಮಾವಳಿಯನ್ವಯ, ಗೋಪ್ಯ ಮಾಹಿತಿ ಬಲ್ಲ ನೌಕರರ ಷೇರು ವಹಿವಾಟಿನ ಮೇಲೆ ಕಂಪನಿ ನಿಗಾ ಇಡುತ್ತದೆ. ನೌಕರಿ ಬಿಟ್ಟು ಆರು ತಿಂಗಳವರೆಗೂ ಅವರು ಕಂಪನಿಯ ಸಂಬಂಧಿತ ವ್ಯಕ್ತಿಗಳೇ. ಆದರೆ ಕಾನೂನಿನ ನಿರ್ಬಂಧ ಬೇರೆ, ಖಾತೆಯೊಳಗೆ ಇಣುಕುವುದು ಬೇರೆ.

ಬ್ರೋಕರ್ ಬಳಿ ಇ-ಮೇಲ್, ಮೊಬೈಲ್ ಸಂಖ್ಯೆ ಬದಲಿಸಿ, ಕಂಪನಿಗೆ ನೀಡಿದ್ದ ಒಪ್ಪಿಗೆಯನ್ನು ಲಿಖಿತವಾಗಿ ಹಿಂಪಡೆದು ಸ್ವೀಕೃತಿ ಪಡೆಯುವುದು ಕ್ಷೇಮ. ಹಳೆಯ ದಾಖಲೆಗಳು ಕಂಪನಿಯಲ್ಲೇ ಉಳಿಯಬಹುದು. ಮುಂದಿನ ಲೆಕ್ಕಕ್ಕೆ ಬಾಗಿಲು ಹಾಕುವ ಹೊಣೆ ಖಾತೆದಾರರದೇ.