ಗಾಡಿ ನೋಡಿ ಮರುಳಾಗಬೇಡಿ, ಅದು ನಿಂತ ನೆಲ ನೋಡಿ

ಚಳಿಗಾಲ ಬಂತೆಂದರೆ ನಮ್ಮೂರ ಹುಡುಗರ ಫೋನಿನಲ್ಲಿ ಒಂದು ಬಗೆಯ ವಿಡಿಯೋ ಓಡಾಡಲು ಶುರುವಾಗುತ್ತದೆ. ಅಮೆರಿಕದ ಮರುಭೂಮಿ. ಎರಡಾಳು ಎತ್ತರದ ಕಳ್ಳಿ. ಪಕ್ಕದಲ್ಲಿ ಬಸ್ಸಿನಷ್ಟು ದೊಡ್ಡ ಗಾಡಿ. ಅದರೊಳಗೆ ಮಂಚ, ಒಲೆ, ಫ್ರಿಡ್ಜು, ಬಚ್ಚಲು ಎಲ್ಲ ಇದೆ. ಗಂಡ ಹೆಂಡತಿ ಹೊರಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಹೇಳುತ್ತಾರೆ: ಮನೆ ಮಾರಿಬಿಟ್ಟೆವು, ಬಾಡಿಗೆ ಕಟ್ಟುವ ಗೋಜಿಲ್ಲ, ಈಗ ನಾವು ಸ್ವತಂತ್ರರು.

ಈ ಗಾಡಿಗೆ ಅಲ್ಲಿ ಆರ್‌ವಿ ಅನ್ನುತ್ತಾರೆ. ನಾವು ಮನೆಗಾಡಿ ಅನ್ನೋಣ. ಮೊನ್ನೆ ಚಹಾ ಅಂಗಡಿಯಲ್ಲಿ ಒಬ್ಬ ತಮ್ಮ ಇಂಥದ್ದೇ ವಿಡಿಯೋ ತೋರಿಸಿ, "ಅಣ್ಣಾ, ಇಂಥಾದ್ದೊಂದು ಗಾಡಿ ಇದ್ದರೆ ಸಾಕು ನೋಡ್ರಿ" ಅಂದ. ಅವನ ಆಸೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ತಕರಾರು ವಿಡಿಯೋದ ಮೇಲೆ. ಅದು ಗಾಡಿಯನ್ನು ಒಳಗೂ ಹೊರಗೂ ತೋರಿಸುತ್ತದೆ. ಗಾಡಿ ನಿಂತಿರುವ ಜಾಗ ಯಾರದ್ದು ಅಂತ ಮಾತ್ರ ಹೇಳುವುದಿಲ್ಲ. ನಮ್ಮ ಪ್ರಕಾರ ಆ ಸ್ವಾತಂತ್ರ್ಯ ಇರುವುದೇ ಆ ಜಾಗದಲ್ಲಿ.

ಒಂದು ಊರನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಎರಡೂವರೆ ಸಾವಿರ ಜನರ ಊರು

ಅರಿಜೋನಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಕ್ಯಾಲಿಫೋರ್ನಿಯಾ ಗಡಿಯ ಹತ್ತಿರ ಕ್ವಾರ್ಟ್ಸ್‌ಸೈಟ್ ಎಂಬ ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಎರಡೂವರೆ ಸಾವಿರದಷ್ಟು ಜನ. ನಮ್ಮ ಕಡೆ ಲೆಕ್ಕದಲ್ಲಿ ಒಂದು ಸಾಧಾರಣ ಹಳ್ಳಿ. ಬೇಸಿಗೆಯಲ್ಲಿ ಅಲ್ಲಿ 45 ಡಿಗ್ರಿ ದಾಟುತ್ತದೆ, ಬೀದಿಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಜನವರಿಯಲ್ಲಿ ಹಗಲು ಹಿತವಾದ ಬಿಸಿಲು, ಸುಮಾರು 20 ಡಿಗ್ರಿ. ರಾತ್ರಿ ಐದಾರು ಡಿಗ್ರಿಗೆ ಇಳಿಯುವ ಚಳಿ. ಅದೇ ಹೊತ್ತಿಗೆ ಅಮೆರಿಕದ ಉತ್ತರದ ರಾಜ್ಯಗಳೂ ಕೆನಡಾ ದೇಶವೂ ಹಿಮದಲ್ಲಿ ಹೂತಿರುತ್ತವೆ. ಅಲ್ಲಿಂದ ಮನೆಗಾಡಿಗಳು ಸಾಲುಗಟ್ಟಿ ಇಳಿದು ಬರುತ್ತವೆ. ಇವರಿಗೆ ಹಿಮದ ಹಕ್ಕಿಗಳು ಅಂತಲೇ ಹೆಸರು. ಒಂದು ಚಳಿಗಾಲದಲ್ಲಿ ಆ ಪುಟ್ಟ ಊರಿಗೆ ಬಂದು ಹೋಗುವವರ ಸಂಖ್ಯೆ ಲಕ್ಷಗಳಲ್ಲಿದೆ. ಬಣ್ಣದ ಕಲ್ಲು, ಹರಳು ಮಾರುವ ದೊಡ್ಡ ಸಂತೆ ನಡೆಯುತ್ತದೆ, ಗಾಡಿಗಳ ಜಾತ್ರೆಯೂ ನಡೆಯುತ್ತದೆ.

ಇಷ್ಟು ಗಾಡಿ ಎಲ್ಲಿ ನಿಲ್ಲುತ್ತವೆ? ಊರ ಸುತ್ತಲಿನ ಮರುಭೂಮಿಯಲ್ಲಿ. ಆ ನೆಲದಲ್ಲಿ ಬಹುಪಾಲು ಯಾವ ಸಾಹುಕಾರನದ್ದೂ ಅಲ್ಲ, ಯಾವ ರೆಸಾರ್ಟಿನದ್ದೂ ಅಲ್ಲ. ಅದು ಸಾರ್ವಜನಿಕ ಭೂಮಿ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ. 1946ರಲ್ಲಿ ಹುಟ್ಟಿದ ಈ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಐದು ಕರ್ನಾಟಕ ಸೇರಿಸಿದರೆ ಎಷ್ಟೋ ಅಷ್ಟು.

ಈ ನೆಲದ ಬಹಳಷ್ಟು ಕಡೆ ಯಾರು ಬೇಕಾದರೂ 14 ದಿನ ಪುಕ್ಕಟೆ ತಂಗಬಹುದು. ಅರ್ಜಿ ಇಲ್ಲ, ಶಿಫಾರಸು ಇಲ್ಲ. 14 ದಿನ ಆದಮೇಲೆ ಸುಮಾರು 40 ಕಿಲೋಮೀಟರ್ ಆಚೆ ಹೋಗಬೇಕು. ಚಳಿಗಾಲ ಪೂರ್ತಿ ಒಂದೇ ಕಡೆ ಇರಬೇಕು ಅನ್ನುವವರಿಗೆ 1983ರಿಂದ ಬೇರೆ ಜಾಗ ಗುರುತು ಮಾಡಿದ್ದಾರೆ. ಕ್ವಾರ್ಟ್ಸ್‌ಸೈಟ್ ಪಕ್ಕದ ಲಾ ಪೋಸಾ ಅಂಥದ್ದೊಂದು, ಹತ್ತು ಸಾವಿರ ಎಕರೆಗೂ ಹೆಚ್ಚು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಅಂದರೆ ಏಳು ತಿಂಗಳಿಗೆ ಅಲ್ಲಿ ಬಹಳ ವರ್ಷ ಇದ್ದ ಶುಲ್ಕ 180 ಡಾಲರ್. ದಿನಕ್ಕೆ ಒಂದು ಡಾಲರೂ ಬೀಳಲಿಲ್ಲ. ಖಾಸಗಿ ಪಾರ್ಕಿನಲ್ಲಿ ಅದೇ ದುಡ್ಡು ಕೆಲವೇ ರಾತ್ರಿಗೆ ಮುಗಿದುಹೋಗುತ್ತದೆ. ಆ ಶುಲ್ಕಕ್ಕೆ ಕುಡಿಯುವ ನೀರು ಹಿಡಿಯಲು ಜಾಗ, ಕಸ ಹಾಕಲು ಜಾಗ, ಗಾಡಿಯ ಶೌಚದ ಟ್ಯಾಂಕ್ ಖಾಲಿ ಮಾಡಲು ಜಾಗ ಇವೆ.

ವಿಡಿಯೋದಲ್ಲಿ ಕಾಫಿ ಕುಡಿಯುವವರು "ನಾವು ಸ್ವತಂತ್ರರು" ಅನ್ನುವುದು ಈ ನೆಲದ ಮೇಲೆ ಕುಳಿತು. ಗಾಡಿ ಅವರದ್ದು, ಸ್ವಾತಂತ್ರ್ಯ ಊರೆಲ್ಲರದ್ದು.

ಪುಕ್ಕಟೆ ಅಂದರೆ ಬೇವಾರ್ಸಿ ಅಲ್ಲ

ಎಲ್ಲರ ನೆಲ ಅಂದಕೂಡಲೇ ಯಾರು ಏನು ಬೇಕಾದರೂ ಮಾಡಬಹುದು ಅಂತ ನಮ್ಮಲ್ಲಿ ಕೆಲವರು ತಿಳಿಯುತ್ತಾರೆ. ಅಲ್ಲಿ ಹಾಗಿಲ್ಲ. ಶೌಚದ ಟ್ಯಾಂಕನ್ನು ನೆಲಕ್ಕೆ ಬಿಟ್ಟರೆ ದಂಡ ಬೀಳುತ್ತದೆ. ಟ್ಯಾಂಕ್ ಇಲ್ಲದ ಗಾಡಿಯವರು ಸರ್ಕಾರಿ ಶೌಚಾಲಯದ ಹತ್ತಿರವೇ ನಿಲ್ಲಬೇಕು. ತಂದ ಕಸ ಹೊತ್ತುಕೊಂಡು ಹೋಗಬೇಕು.

ಇದಕ್ಕೆ ಕಾರಣವಿದೆ. ಆ ಮರುಭೂಮಿ ನೋಡಲು ಬರಡು ಕಲ್ಲುನೆಲ, ಮುಟ್ಟಿದರೆ ಬಹಳ ನಾಜೂಕು. ಮೇಲ್ಪದರದಲ್ಲಿ ಸಣ್ಣ ಕಲ್ಲುಗಳು ಒತ್ತೊತ್ತಾಗಿ ಕೂತು ಕೆಳಗಿನ ಮಣ್ಣು ಹಾರದಂತೆ ಕಾಪಾಡುತ್ತವೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಿಂದ 1944ರವರೆಗೆ ಅಮೆರಿಕದ ಸೈನ್ಯ ಆ ಭಾಗದ ಮರುಭೂಮಿಯಲ್ಲಿ ಯುದ್ಧ ಟ್ಯಾಂಕ್‌ಗಳ ತರಬೇತಿ ನಡೆಸಿತ್ತು. ಎಂಬತ್ತು ವರ್ಷ ಕಳೆದರೂ ಅವುಗಳ ಚಕ್ರದ ಗುರುತು ಕೆಲವೆಡೆ ಹಾಗೇ ಉಳಿದಿದೆ. ಅದಕ್ಕೇ ಗಾಡಿಯವರಿಗೆ ಇರುವ ಮೊದಲ ಪಾಠ: ಈಗಾಗಲೇ ಇರುವ ಹಾದಿ ಬಿಟ್ಟು ಚಕ್ರ ಇಳಿಸಬೇಡ.

ನೀರಿನ ಲೆಕ್ಕವೂ ಹಾಗೆಯೇ. ಗಾಡಿಯ ಟ್ಯಾಂಕಿನಲ್ಲಿ ಒಂದೂವರೆ ಇನ್ನೂರು ಲೀಟರ್ ನೀರಿದ್ದರೆ ಅದರಲ್ಲೇ ವಾರ ದೂಡಬೇಕು. ಪಾತ್ರೆ ಮೊದಲು ಒರೆಸಿ ಆಮೇಲೆ ತೊಳೆಯುತ್ತಾರೆ, ತಲೆ ಸ್ನಾನಕ್ಕೆ ದಿನ ಎಣಿಸುತ್ತಾರೆ. ಕರೆಂಟು ಸೌರ ಫಲಕದ್ದು. ಮೋಡ ಕವಿದರೆ ರಾತ್ರಿ ಹೀಟರ್ ಹಾಕಲು ಯೋಚನೆ ಮಾಡಬೇಕು. ಬೋರಿನಲ್ಲಿ ನೀರು ನಿಂತ ವರ್ಷ ಬಿಂದಿಗೆ ಎಣಿಸಿದ ನಮ್ಮ ಅಮ್ಮಂದಿರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಎಲ್ಲರೂ ಖುಷಿಗೆ ಬಂದವರಲ್ಲ

ವಿಡಿಯೋ ಮುಚ್ಚಿಡುವ ಇನ್ನೊಂದು ಸಂಗತಿ, ಆ ಗಾಡಿಗಳಲ್ಲಿ ಯಾರಿದ್ದಾರೆ ಎಂಬುದು. ಕೋಟಿ ಬೆಲೆಯ ಗಾಡಿಯವರೂ ಇದ್ದಾರೆ. ಹಳೇ ವ್ಯಾನಿನ ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿಕೊಂಡು ಮಲಗುವ ಅರವತ್ತು, ಎಪ್ಪತ್ತು ವರ್ಷದ ಒಂಟಿ ಹೆಂಗಸರೂ ಇದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡವರು, ಪಿಂಚಣಿಯಲ್ಲಿ ಬಾಡಿಗೆ ಕಟ್ಟಲಾಗದವರು ಗಾಡಿಯನ್ನೇ ಮನೆ ಮಾಡಿಕೊಂಡರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಇವರ ಜೊತೆ ಓಡಾಡಿ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಬರೆದರು. ಅದೇ ಹೆಸರಿನ ಸಿನಿಮಾಕ್ಕೆ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಈ ಜನ ಹಬ್ಬದ ಸೀಸನ್ನಿನಲ್ಲಿ ಅಮೆಜಾನ್ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವುದು, ಸಕ್ಕರೆ ಬೀಟ್ ಸುಗ್ಗಿಗೆ ಹೋಗುವುದು, ಬೇಸಿಗೆಯಲ್ಲಿ ಕ್ಯಾಂಪುಗಳ ಕಕ್ಕಸು ತೊಳೆಯುವುದು ಎಲ್ಲವನ್ನೂ ಬ್ರೂಡರ್ ದಾಖಲಿಸಿದ್ದಾರೆ. ಸುಗ್ಗಿಗೆ ಗುಳೆ ಹೋಗುವುದು ಅಂದರೆ ಏನು ಅಂತ ರಾಯಚೂರು, ಕೊಪ್ಪಳ, ಯಾದಗಿರಿಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಇಂಥವರಿಗೆ ಆ ಮರುಭೂಮಿ ಪ್ರವಾಸದ ಜಾಗ ಅಲ್ಲ, ಆಸರೆ. ಬಾಬ್ ವೆಲ್ಸ್ ಎಂಬ ಹಿರಿಯರು 2011ರಿಂದ ಕ್ವಾರ್ಟ್ಸ್‌ಸೈಟ್ ಸುತ್ತಮುತ್ತ ಚಳಿಗಾಲದಲ್ಲಿ ಇವರನ್ನೆಲ್ಲ ಸೇರಿಸುತ್ತಾ ಬಂದರು. ಕಡಿಮೆ ದುಡ್ಡಿನಲ್ಲಿ ಗಾಡಿಯಲ್ಲಿ ಬದುಕುವುದು ಹೇಗೆ ಅಂತ ಒಬ್ಬರಿಗೊಬ್ಬರು ಕಲಿಸಿಕೊಡುವ ಕೂಟ ಅದು.

ಇದೇ ಮನುಷ್ಯ ಇದೇ ಗಾಡಿಯಲ್ಲಿ ಪಟ್ಟಣದ ಬೀದಿ ಬದಿ ಮಲಗಿದರೆ ಎಷ್ಟೋ ಕಡೆ ಪೊಲೀಸರು ಬಂದು ಕಿಟಕಿ ತಟ್ಟುತ್ತಾರೆ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡಿ ಮಲಗುವವರಿಗೆ ಊರಾಡಳಿತ ದಂಡ ಹಾಕಬಹುದು ಎಂದು 6-3ರ ತೀರ್ಪು ಕೊಟ್ಟಿತು. ಮನುಷ್ಯ ಅವನೇ. ಪಟ್ಟಣದಲ್ಲಿ ಅಪರಾಧಿ, ಮರುಭೂಮಿಯಲ್ಲಿ ಗೌರವದ ಅತಿಥಿ. ನಡುವೆ ಬದಲಾಗಿದ್ದು ಕಾಲ ಕೆಳಗಿನ ನೆಲ.

ಆ ನೆಲದ ಹಿಂದಿನ ಕಥೆಯನ್ನೂ ಮರೆಯಬಾರದು. ಕೊಲರಾಡೊ ನದಿಯ ಆ ದಂಡೆ ಮೊಹಾವಿ, ಚೆಮೆಹುವೆವಿ ಮೂಲನಿವಾಸಿಗಳ ನಾಡು. 1865ರಲ್ಲಿ ಸರ್ಕಾರ ಅವರಿಗೆ ಅಂತ ಒಂದು ಮೀಸಲು ಪ್ರದೇಶ ಗೆರೆ ಎಳೆದು ಕೊಟ್ಟಿತು. ಗೆರೆಯಾಚೆಗಿನ ನೆಲ ಸರ್ಕಾರದ್ದಾಯಿತು. ಎಲ್ಲರ ನೆಲ ಅನ್ನುವಾಗ ಮೊದಲು ಅಲ್ಲಿದ್ದವರಿಗೆ ಆದ ಅನ್ಯಾಯವನ್ನೂ ಸೇರಿಸಿಯೇ ಹೇಳಬೇಕು.

ಮಾರಲು ಹೊರಟಾಗ ಏನಾಯಿತು

2025ರ ಜೂನ್‌ನಲ್ಲಿ ಯೂಟಾ ರಾಜ್ಯದ ಸೆನೆಟರ್ ಮೈಕ್ ಲೀ ಒಂದು ಪ್ರಸ್ತಾವ ತಂದರು. ಪಶ್ಚಿಮದ 11 ರಾಜ್ಯಗಳಲ್ಲಿ 20 ಲಕ್ಷ ಎಕರೆಗೂ ಹೆಚ್ಚು ಸಾರ್ವಜನಿಕ ಭೂಮಿಯನ್ನು ಮಾರಬೇಕು ಎಂದು ಬಜೆಟ್ ಮಸೂದೆಯೊಳಗೆ ಅದನ್ನು ಸೇರಿಸಿದ್ದರು. ಹೇಳಿದ ಕಾರಣ, ಮನೆ ಕಟ್ಟಲು ಜಾಗ ಬೇಕು ಎಂಬುದು.

ಆಮೇಲೆ ನಡೆದದ್ದು ನಮಗೆ ಮುಖ್ಯ. ಬೇಟೆಯವರು, ಮೀನು ಹಿಡಿಯುವವರು, ಬೆಟ್ಟ ಹತ್ತುವವರು, ಗಾಡಿಯಲ್ಲಿ ತಿರುಗುವವರು ಒಟ್ಟಿಗೆ ಎದ್ದರು. ಬೇರೆ ವಿಷಯದಲ್ಲಿ ಒಬ್ಬರ ಮುಖ ಒಬ್ಬರು ನೋಡದ ಜನ ಇವರು. ಲೀ ಅವರ ಸ್ವಂತ ಪಕ್ಷದ ಸೆನೆಟರುಗಳೇ ವಿರೋಧಿಸಿದರು. ಅದೇ ತಿಂಗಳು ಪ್ರಸ್ತಾವ ವಾಪಸಾಯಿತು. ನೆಲ ಉಳಿಯಿತು, ಅದರ ಮೇಲಿನ ಗಾಡಿಗಳೂ ಉಳಿದವು.

ಈಗ ನಮ್ಮೂರಿಗೆ ಬರೋಣ

ನಮಗೂ ಅಂಥ ನೆಲ ಇದೆ. ಹೆಸರು ಗೋಮಾಳ. "ಅದು ದನ ಮೇಯಿಸುವ ಜಾಗ, ಅಮೆರಿಕದ್ದು ಗಾಡಿ ನಿಲ್ಲಿಸುವ ಜಾಗ, ಎರಡಕ್ಕೂ ಎತ್ತಣಿಂದೆತ್ತ ಸಂಬಂಧ?" ಅಂತ ಕೇಳುವವರಿದ್ದಾರೆ. ಆ ಇಲಾಖೆಯ ನೆಲದಲ್ಲೂ ಪರವಾನಗಿ ಪಡೆದು ದನ ಮೇಯಿಸುತ್ತಾರೆ. ಅಲ್ಲೂ ಗಣಿಯವರ ಕಣ್ಣಿದೆ, ಸೋಲಾರ್ ಕಂಪನಿಗಳ ಕಣ್ಣಿದೆ. ಯಾರೊಬ್ಬರ ಹೆಸರಿಗೂ ಇಲ್ಲದ, ಎಲ್ಲರಿಗೂ ಬೇಕಾದ ನೆಲ ಎಂಬ ವಿಚಾರ ಎರಡೂ ಕಡೆ ಒಂದೇ.

ನಮ್ಮ ಕಾನೂನೂ ಬಾಯಿ ಮುಚ್ಚಿ ಕೂತಿಲ್ಲ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ಪ್ರಕಾರ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಹಳ್ಳಿಗಳ ಸಾಮುದಾಯಿಕ ಜಾಗದ ಒತ್ತುವರಿ ತೆರವು ಮಾಡಿಸಿ ಊರಿಗೆ ಮರಳಿಸುವ ಯೋಜನೆ ರೂಪಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಕಾಗದದಲ್ಲಿ ಹೀಗಿದೆ. ನೆಲದ ಮೇಲೆ? ನಾವು ಚಿಕ್ಕವರಿದ್ದಾಗ ಸುಗ್ಗಿ ಮುಗಿದಮೇಲೆ ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಗೋಮಾಳದಲ್ಲಿ ಬಿಡಾರ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡ ರೈತ ಗೊಬ್ಬರಕ್ಕೆ ಬದಲಾಗಿ ಕಾಳು ಕೊಡುತ್ತಿದ್ದ. ಕುದುರೆ ಮೇಲೆ ಹಾಸಿಗೆ, ಪಾತ್ರೆ, ಕೋಳಿ, ಈಗಷ್ಟೇ ಹುಟ್ಟಿದ ಮರಿ. ಅದೂ ಮನೆಗಾಡಿಯೇ ಅಲ್ಲವೇ? ಈಗ ಅದೇ ಜಾಗದಲ್ಲಿ ಕಲ್ಲುಕಂಬ, ತಂತಿ ಬೇಲಿ. ಕುರಿಗಾರರು ಡಾಂಬರು ರಸ್ತೆಯ ಅಂಚಿನಲ್ಲಿ ಲಾರಿಗಳ ನಡುವೆ ಮಂದೆ ಹೊಡೆಯುತ್ತಾರೆ. ಯಾರೋ ಬಂದು "ಎಬ್ಬಿಸ್ರಿ ಇಲ್ಲಿಂದ" ಅನ್ನುತ್ತಾರೆ. ಅಮೆರಿಕದವರು ಚಳಿಗಾಲಕ್ಕೆ ಊರು ಬಿಟ್ಟು ಊರಿಗೆ ಹೋದರೆ ಅಬ್ಬಾ ಎಂಥ ಜೀವನ ಅನ್ನುವ ನಾವೇ, ನಮ್ಮ ಅಲೆಮಾರಿಗಳನ್ನು ಕಂಡರೆ ಅನುಮಾನದಿಂದ ನೋಡುತ್ತೇವೆ. ಇದರಲ್ಲಿ ನಮ್ಮ ಪಾಲೂ ಇದೆ ಅಂತ ಒಪ್ಪಿಕೊಂಡೇ ಬರೆಯುತ್ತಿದ್ದೇವೆ.

ಆ ತಮ್ಮನಿಗೆ ನಾವು ಹೇಳುವುದು ಇಷ್ಟೇ. ಗಾಡಿಯ ಕನಸು ಇಟ್ಟುಕೋ. ದುಡಿದು ಒಂದು ದಿನ ಕೊಂಡುಕೋ. ಆದರೆ ಅದನ್ನು ನಿಲ್ಲಿಸಲು ಊರಲ್ಲಿ ಬೇಲಿ ಇಲ್ಲದ ಹತ್ತು ಅಡಿ ನೆಲ ಉಳಿದಿರಬೇಕಲ್ಲ? ಗಾಡಿಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಹೋದ ಗೋಮಾಳ ಯಾವ ಶೋರೂಮಿನಲ್ಲೂ ಸಿಗುವುದಿಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ವಿಡಿಯೋ ನೋಡುವ ಅದೇ ಫೋನಿನಲ್ಲಿ ಭೂಮಿ ಜಾಲತಾಣ ತೆಗೆಯಿರಿ. ನಿಮ್ಮೂರ ಗೋಮಾಳದ ಸರ್ವೆ ನಂಬರ್ ಹಾಕಿ ಪಹಣಿ ನೋಡಿ. ನಂಬರ್ ಗೊತ್ತಿಲ್ಲದಿದ್ದರೆ ಊರ ಹಿರಿಯರನ್ನು ಕೇಳಿ, ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಪಹಣಿಯಲ್ಲಿ ಎಷ್ಟು ಎಕರೆ ಇದೆ, ಹೋಗಿ ನೋಡಿದರೆ ಎಷ್ಟು ಉಳಿದಿದೆ, ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಗ್ರಾಮ ಸಭೆಯಲ್ಲಿ ಎದ್ದು ನಿಂತು ಆ ಚೀಟಿ ಓದಿ. ಒಬ್ಬರೇ ಹೋಗಬೇಡಿ, ಕುರಿಯವರನ್ನು, ಹೈನು ಮಾಡುವ ಹೆಂಗಸರನ್ನು, ಕ್ರಿಕೆಟ್ ಆಡಲು ಜಾಗವಿಲ್ಲದ ಹುಡುಗರನ್ನು ಕರೆದುಕೊಂಡು ಹೋಗಿ.

ಅಮೆರಿಕದಲ್ಲಿ ಬೇಟೆಯವನೂ ಬೆಟ್ಟ ಹತ್ತುವವನೂ ಒಂದಾದರು. ನಮ್ಮೂರಲ್ಲಿ ಕುರಿಯವರೂ ಕ್ರಿಕೆಟ್ಟಿನವರೂ ಒಂದಾಗಲು ಏನು ಅಡ್ಡಿ?