ಪಾವಗಡದ ಭಯ, ದೋಹಾದ ಹಲ್ಲು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಗಾದೆಗೆ ಹೊಸ ಉದಾಹರಣೆ ಬೇಕಾದವರು ಕತಾರಿನ ಕನ್ನಡ ಮನೆಗಳ ಬಚ್ಚಲುಗಳನ್ನು ನೋಡಬಹುದು. ಅಲ್ಲಿ ಈಗ ‘ಫ್ಲೋರೈಡ್ ರಹಿತ’ ಎಂದು ಹೆಮ್ಮೆಯಿಂದ ಬರೆದುಕೊಂಡ ಟೂತ್‌ಪೇಸ್ಟುಗಳು ಕಾಣಿಸಿಕೊಳ್ಳುತ್ತಿವೆ. ಫ್ಲೋರೈಡ್ ವಿಷ, ಅದು ಮೂಳೆಯನ್ನು ಸೊಟ್ಟಗಾಗಿಸುತ್ತದೆ, ಮಕ್ಕಳ ಬುದ್ಧಿಯನ್ನು ಮಂಕಾಗಿಸುತ್ತದೆ ಎಂಬ ವಾಟ್ಸಾಪ್ ಸಂದೇಶವೇ ಇದಕ್ಕೆ ಪ್ರಮಾಣ.

ಆ ಸಂದೇಶದಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಆ ಸತ್ಯದ ಊರು ಬೇರೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಹಳ್ಳಿಗಳಲ್ಲಿ ಕಂದುಗಟ್ಟಿದ ಹಲ್ಲಿನ ಮಕ್ಕಳಿದ್ದಾರೆ, ಬೆನ್ನು ಬಗ್ಗಿಸಲಾಗದ ಹಿರಿಯರಿದ್ದಾರೆ. ಕೆರೆಗಳು ಹೂಳು ತುಂಬಿ ಬತ್ತಿದವು. ಕೊಳವೆಬಾವಿಗಳು ವರ್ಷ ವರ್ಷವೂ ಆಳಕ್ಕಿಳಿದವು. ಗ್ರಾನೈಟ್ ಬಂಡೆಯಲ್ಲಿದ್ದ ಫ್ಲೋರೈಡ್ ನೀರಿನಲ್ಲಿ ಕರಗಿ ಮೇಲೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಕುಡಿದೇ ಬದುಕಬೇಕಾದವರ ಸಂಕಟ ಅದು. ಕುದಿಸಿದರೂ ಆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅದಕ್ಕೆ ಹೊಣೆ ಟೂತ್‌ಪೇಸ್ಟ್ ಅಲ್ಲ, ಕೆರೆಗಳನ್ನು ಕೈಬಿಟ್ಟ ಆಡಳಿತ.

ದೋಹಾದಲ್ಲಿ ನಾವು ಕುಡಿಯುವುದೇನು? ಸಮುದ್ರದ ನೀರು. ಅದರಲ್ಲಿ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ರಾಸ್ ಅಬು ಫೊಂಟಾಸ್‌ನಂಥ ಸ್ಥಾವರಗಳಲ್ಲಿ ಉಪ್ಪಿನೊಂದಿಗೆ ಅದೂ ಬಹುತೇಕ ಕಳೆದುಹೋಗುತ್ತದೆ. ಪಾವಗಡದಲ್ಲಿ ಅತಿಯಾದದ್ದು ಇಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ನಾವು ಹೆದರುವುದು ಅತಿಗೆ!

ಲೆಕ್ಕ ಸರಳವಾಗಿದೆ. ಲೀಟರಿಗೆ 3 ಮಿಲಿಗ್ರಾಂ ಇರುವ ಕೊಳವೆಬಾವಿಯ ನೀರನ್ನು ದಿನಕ್ಕೆ ಒಂದೂವರೆ ಲೀಟರ್ ಕುಡಿಯುವ ಮಗುವಿನ ಹೊಟ್ಟೆ ಸೇರುವುದು 4.5 ಮಿಲಿಗ್ರಾಂ. 1000 ಪಿಪಿಎಂ ಟೂತ್‌ಪೇಸ್ಟಿನ ಬಟಾಣಿ ಗಾತ್ರದ ತುಣುಕಿನಲ್ಲಿರುವುದು ಕಾಲು ಮಿಲಿಗ್ರಾಂ. ಅದರಲ್ಲೂ ಹೆಚ್ಚಿನದು ಉಗುಳಿನಲ್ಲಿ ಹೋಗುತ್ತದೆ. ಬಾಯಲ್ಲಿ ಉಳಿದ ಅಂಶ ಮಾಡುವ ಕೆಲಸ ಮಾತ್ರ ಸಣ್ಣದಲ್ಲ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಉಗುಳುವ ಆಮ್ಲದಿಂದ ಎನಾಮೆಲ್ಲಿನ ಖನಿಜ ಕರಗುತ್ತದೆ. ಅದು ಮರಳಿ ಕೂಡಿಕೊಳ್ಳಲು ಫ್ಲೋರೈಡ್ ನೆರವಾಗುತ್ತದೆ, ಹೊಸ ಪದರವು ಆಮ್ಲಕ್ಕೆ ಮೊದಲಿಗಿಂತ ಹೆಚ್ಚು ತಡೆಯೊಡ್ಡುತ್ತದೆ. ಬೇವಿನ ಕಡ್ಡಿ, ಇಲ್ಲಿನವರ ಮಿಸ್ವಾಕ್ ಕೊಳೆಯನ್ನು ತೆಗೆದಾವು. ಈ ಕೆಲಸಕ್ಕೆ ಅವು ಬದಲಿಯಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಟೂತ್‌ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಬುದ್ಧಿ ಮಂಕಾಗುವ ಮಾತಿಗೆ ಬರೋಣ. 2024ರ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದ ವರದಿಯನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ; ಅದು ಮಕ್ಕಳ ಬುದ್ಧಿಮಟ್ಟದ ಇಳಿಕೆಯೊಂದಿಗೆ ನಂಟು ಕಂಡದ್ದು ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿನ ಮಟ್ಟದಲ್ಲಿ ಎಂಬ ಸಾಲನ್ನು ಮಾತ್ರ ಓದುವುದಿಲ್ಲ. ಅಂದರೆ ಆ ವರದಿಯನ್ನು ಹಿಡಿದು ಬೀದಿಗಿಳಿಯಬೇಕಾದವರು ಪಾವಗಡದ ಪರವಾಗಿ ಇಳಿಯಬೇಕು. 2025ರಲ್ಲಿ ಯೂಟಾ ರಾಜ್ಯ ನಲ್ಲಿನೀರಿಗೆ ಫ್ಲೋರೈಡ್ ಬೆರೆಸುವುದನ್ನು ನಿಷೇಧಿಸಿದ್ದೂ ನಿಜ. ಅಲ್ಲಿಯೂ ಟೂತ್‌ಪೇಸ್ಟನ್ನು ಯಾರೂ ನಿಷೇಧಿಸಿಲ್ಲ.

ಎಚ್ಚರ ಬೇಕು, ಬೇಡವೆಂದವರಾರು? ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ನುಂಗದಂತೆ ದೊಡ್ಡವರು ಪಕ್ಕದಲ್ಲಿ ನಿಲ್ಲಬೇಕು. ಜಾಹೀರಾತಿನವರು ಬ್ರಷ್ಷಿನ ಉದ್ದಕ್ಕೂ ಬಳಿಯುವ ಅಲೆಯಾಕಾರದ ಪೇಸ್ಟು ಕಂಪನಿಯ ಲಾಭಕ್ಕೆ, ಹಲ್ಲಿಗಲ್ಲ.

ಈ ಭಯ ಉಳ್ಳವರ ವಿಲಾಸ ಎಂದರೆ ಕೆಲವರಿಗೆ ಕೋಪ ಬರುತ್ತದೆ, ಬರಲಿ. ಮಗುವಿನ ಹಲ್ಲು ಹುಳುಕಾದರೆ ವಿಮೆಯಿರುವವರು ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಾರೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿ ಸಕ್ಕರೆ ಸುರಿದ ಕರಕ್ ಚಹಾದ ಬಲದಲ್ಲೇ ಪಾಳಿ ಮುಗಿಸುವ ಕಾರ್ಮಿಕ ಹಲ್ಲುನೋವನ್ನು ಮಾತ್ರೆ ನುಂಗಿ ತಳ್ಳುತ್ತಾನೆ, ರಜೆಗೆ ಊರಿಗೆ ಹೋದಾಗ ಕೀಳಿಸುತ್ತಾನೆ. ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಅಳೆಯುವ ಮೇಜಿನ ಪಕ್ಕದಲ್ಲಿ ದಂತವೈದ್ಯರಿಗೊಂದು ಕುರ್ಚಿ, ಬಂದವರ ಕೈಗೊಂದು ಫ್ಲೋರೈಡ್ ಟೂತ್‌ಪೇಸ್ಟ್ ಇಡಲು ಎಷ್ಟು ಖರ್ಚಾದೀತು? ರಾಜ್ಯೋತ್ಸವದ ವೇದಿಕೆಯ ಹೂವಿನ ಬಾಬ್ತಿನಲ್ಲೇ ಆದೀತು.