ಮಾತು ತಡವಾದ ಮಗುವಿಗೆ ಯಾರು ಹೊಣೆ?

ಮಗುವಿಗೆ ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸಿ ಮಾತನಾಡದಿದ್ದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಸಮಾಧಾನ ಒಂದೇ: "ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು." ಅಜ್ಜಿ ಬಜೆ ತೇಯ್ದು ನಾಲಗೆಗೆ ಹಚ್ಚುತ್ತಾರೆ, ತಾಯಿ ಹರಕೆ ಹೊರುತ್ತಾಳೆ. ಈ ವಾತ್ಸಲ್ಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹೀಗೆ ಕಾಯುತ್ತ ಕುಳಿತರೆ ಕಳೆದುಹೋಗುವುದು ಭಾಷೆ ಬೇರೂರುವ ಅಮೂಲ್ಯ ವರ್ಷಗಳು. ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಕಿವಿ ಕೇಳದ ಮಗು ಮಾತು ಕಲಿಯುವುದಾದರೂ ಹೇಗೆ?

ಪರೀಕ್ಷೆಯ ಬಳಿಕ ಹೆತ್ತವರನ್ನು ಕಾಡುವುದು ವೆಚ್ಚದ ಚಿಂತೆ. ವಾಕ್ ಚಿಕಿತ್ಸೆ ಒಂದು ಬಾಟಲಿ ಔಷಧದಿಂದ ಮುಗಿಯುವಂಥದಲ್ಲ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬೇಕು. ಶುಲ್ಕದ ಜೊತೆಗೆ ಬಸ್ಸಿನ ಖರ್ಚು, ಒಂದು ದಿನದ ಕೂಲಿಯ ನಷ್ಟ. ಇದಕ್ಕೆ ಅಂಜಿ ಅನೇಕರು ಅರ್ಧದಲ್ಲೇ ಕೈಬಿಡುತ್ತಾರೆ.

ಆದರೂ ದಾರಿಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಿ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲೂ ಈ ವಿಭಾಗವಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಅಥವಾ ಬಹುವಿಧ ಅಂಗವೈಕಲ್ಯವುಳ್ಳವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ. ನಿಗದಿತ ಮಿತಿಯೊಳಗೆ ಚಿಕಿತ್ಸಾ ತರಬೇತಿಯ ವೆಚ್ಚವೂ ಅದರಲ್ಲಿ ಸೇರಿದೆ.

ಇಲ್ಲೊಂದು ಕೊರತೆಯನ್ನು ಹೇಳಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ವಾಕ್ ಮತ್ತು ಭಾಷಾ ನ್ಯೂನತೆಯನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ. ಆದರೆ ಅದರ ವ್ಯಾಖ್ಯೆ ದೈಹಿಕ ಅಥವಾ ನರಸಂಬಂಧಿ ಕಾರಣದ ಶಾಶ್ವತ ನ್ಯೂನತೆಗೆ ಸೀಮಿತ. ಕಿವಿ ಸರಿಯಿದ್ದು, ಆಟಿಸಂ ಇಲ್ಲದೆ, ಕೇವಲ ಮಾತು ಹಿಂದುಳಿದ ಮಗುವಿಗೆ ಪ್ರಮಾಣಪತ್ರವೂ ಕಷ್ಟ, ವಿಮೆಯೂ ಇಲ್ಲ. ಸಕಾಲದಲ್ಲಿ ನೆರವಾದರೆ ಹೆಚ್ಚು ಸುಧಾರಿಸಬಲ್ಲ ಮಗುವೇ ಹೀಗೆ ಹೊರಗುಳಿಯುವುದು ನ್ಯಾಯವಲ್ಲ. ಸರ್ಕಾರ ಇದನ್ನು ಸರಿಪಡಿಸಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಲಾಗದು. ಹಕ್ಕಾಗಿ ದೊರೆಯಬೇಕಾದದ್ದನ್ನು ದಾನವಾಗಿ ಕೊಟ್ಟು ತೃಪ್ತಿಪಡುವುದು ಸಲ್ಲದು. ಹಕ್ಕು ತಲುಪದ ಕಡೆ ದಾನವನ್ನು ತಡೆಹಿಡಿಯುವುದೂ ಸಲ್ಲದು. ವಾರ್ಡಿನ ಗುರಿಕಾರರು ಇಂತಹ ಮಕ್ಕಳನ್ನು ಗುರುತಿಸಲಿ. ಅರ್ಜಿ ತುಂಬಲು ವಿದ್ಯಾವಂತ ಯುವಜನರು ನೆರವಾಗಲಿ. ಸಂತ ವಿನ್ಸೆಂಟ್ ದೆ ಪೌಲ್ ಸಭೆಗಳು ಪ್ರಯಾಣದ ವೆಚ್ಚವನ್ನಾದರೂ ವಹಿಸಿಕೊಳ್ಳಲಿ. ಹಬ್ಬದ ಸಿಡಿಮದ್ದಿನ ಒಂದು ಪಾಲು ಉಳಿದರೂ ಒಂದು ಮಗುವಿನ ಹಲವು ತಿಂಗಳ ಬಸ್ಸಿನ ಖರ್ಚು ಹುಟ್ಟುತ್ತದೆ.

ಹೆತ್ತವರ ಪಾಲೂ ದೊಡ್ಡದು. ಚಿಕಿತ್ಸಕರು ವಾರಕ್ಕೆ ಒಂದೆರಡು ಗಂಟೆ ಕಲಿಸಿದ್ದನ್ನು ಪ್ರತಿದಿನ ಮನೆಯಲ್ಲಿ ಮುಂದುವರಿಸಬೇಕು. ಸ್ನಾನ ಮಾಡಿಸುವಾಗ, ಉಣಿಸುವಾಗ ಮಗುವಿನ ಮುಖ ನೋಡಿ ಮಾತನಾಡಿ. ಅದರ ಉತ್ತರಕ್ಕೆ ತಾಳ್ಮೆಯಿಂದ ಕಾಯಿರಿ. ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸಬೇಡಿ. ಇದಕ್ಕೆ ಹಣ ಬೇಕಿಲ್ಲ, ಸಮಯ ಬೇಕು. ಉಳಿದ ಹೊಣೆ ನಮ್ಮೆಲ್ಲರದು.